ಕಡಲೂರಿನ ಬಿಡುವು, ದೂರದೂರಿನ ಗೆಳೆತನ

ಮಂಗಳೂರಿನಿಂದ ಬೈಂದೂರಿನವರೆಗಿನ ಕರಾವಳಿಯಲ್ಲಿ ನಿವೃತ್ತರ ಬದುಕನ್ನು ಕುರಿತು ಓದುಗರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಲ್ಲಿ ಎರಡು ಮುಖ್ಯವಾದವು. ದಶಕಗಳ ಕಾಲ ಪರವೂರುಗಳಲ್ಲಿ ದುಡಿದು ಹುಟ್ಟೂರಿಗೆ ಮರಳಿದವರು ತಮ್ಮ ದಿನವನ್ನು ಹೇಗೆ ತುಂಬಿಕೊಳ್ಳಬೇಕು ಎಂಬುದು ಮೊದಲನೆಯದು. ಮನೆಯ ಸುತ್ತ ಬಂಧುಬಳಗವೇ ಇರುವಾಗಲೂ ಅವರ ಮನಸ್ಸಿಗೆ ಹತ್ತಿರವಾದ ಗೆಳೆಯರು ಜಲಂಧರದಲ್ಲೋ ನಾಗಪುರದಲ್ಲೋ ಕೋಲ್ಕತ್ತದಲ್ಲೋ ಇರುವುದೇಕೆ ಎಂಬುದು ಎರಡನೆಯದು. ಮೊದಲನೆಯದು ಹವ್ಯಾಸಕ್ಕೆ ಸಂಬಂಧಿಸಿದ್ದು, ಎರಡನೆಯದು ನೆನಪಿಗೆ ಸಂಬಂಧಿಸಿದ್ದು ಎಂದು ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದು ವಾಡಿಕೆ. ಗೆಳೆತನ ಹುಟ್ಟುವ ಮತ್ತು ಬಾಳುವ ಬಗೆಯನ್ನು ಹತ್ತಿರದಿಂದ ಪರಿಶೀಲಿಸಿದಾಗ ಮಾತ್ರ ಎರಡಕ್ಕೂ ಒಂದೇ ಬೇರು ಇರುವುದು ತಿಳಿಯುತ್ತದೆ. ಆ ಬೇರು ಜೊತೆಯಾಗಿ ಕಳೆದ ಬಿಡುವಿನ ಹೊತ್ತು.

ಈ ಕರಾವಳಿಯ ನಿವೃತ್ತರಲ್ಲಿ ಮುಂಬಯಿಯ ಹೋಟೆಲುಗಳಿಂದಲೂ ಕೊಲ್ಲಿ ರಾಷ್ಟ್ರಗಳಿಂದಲೂ ಮರಳಿದವರು ಬಹಳ ಮಂದಿ ಇದ್ದಾರೆ. ಆದರೂ ದೂರದ ಗೆಳೆತನಗಳ ಸ್ವರೂಪವನ್ನು ತಿಳಿಯಲು ಬ್ಯಾಂಕ್ ಉದ್ಯೋಗಿಗಳ ಉದಾಹರಣೆಯೇ ಹೆಚ್ಚು ಸ್ಪಷ್ಟವಾದದ್ದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕಟ್ಟಿದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಆರಂಭವಾದ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟಿ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ವಿಜಯಾ ಬ್ಯಾಂಕ್ ಇವು ನಾಲ್ಕೂ ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯವು. 1969ರ ಜುಲೈ 19ರಂದು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ, 1980ರ ಏಪ್ರಿಲ್ 15ರಂದು ಕಾರ್ಪೊರೇಶನ್ ಮತ್ತು ವಿಜಯಾ ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡವು. 1969ರಲ್ಲಿ ದೇಶದಲ್ಲಿ ಸುಮಾರು 8,000 ಇದ್ದ ವಾಣಿಜ್ಯ ಬ್ಯಾಂಕ್ ಶಾಖೆಗಳು 1990ರ ವೇಳೆಗೆ ಸುಮಾರು 60,000ಕ್ಕೆ ಏರಿದವು. ಹೊಸದಾಗಿ ತೆರೆದ ಶಾಖೆಗಳಲ್ಲಿ ಬಹುಪಾಲು ಹಳ್ಳಿಗಳಲ್ಲೂ ಸಣ್ಣ ಪಟ್ಟಣಗಳಲ್ಲೂ ಇದ್ದುದರಿಂದ, ಅಧಿಕಾರಿಯಾಗಿ ಬಡ್ತಿ ಪಡೆಯುವುದೆಂದರೆ ಊರು ಬಿಡುವುದು ಎಂದೇ ಅರ್ಥವಾಗಿತ್ತು. ಉಪ್ಪೂರು, ಕಟಪಾಡಿ, ಮೂಲ್ಕಿ, ಸುರತ್ಕಲ್‌ಗಳ ತರುಣರು ತಾವು ಹೆಸರನ್ನೂ ಕೇಳಿರದ ಉತ್ತರದ ಊರುಗಳಿಗೆ ಪೆಟ್ಟಿಗೆ ಹಾಸಿಗೆ ಕಟ್ಟಿಕೊಂಡು ಹೋದದ್ದು, ಮೂರು ನಾಲ್ಕು ವರ್ಷಗಳಿಗೊಮ್ಮೆ ಅಲ್ಲಿಂದ ಇನ್ನೊಂದು ಊರಿಗೆ ವರ್ಗವಾದದ್ದು ಈ ವಿಸ್ತರಣೆಯ ಭಾಗವಾಗಿಯೇ.

ಮೂರೇ ವರ್ಷಗಳ ಸಹವಾಸ ಮೂವತ್ತು ವರ್ಷ ಬಾಳುವ ಗೆಳೆತನವಾಗಿ ಬೆಳೆಯುವುದಕ್ಕೆ ಕಾರಣವೇನೆಂಬುದನ್ನು ವಿವರಿಸಲು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸಂವಹನ ವಿದ್ವಾಂಸ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನ ನೆರವಾಗುತ್ತದೆ. ಅವರು ಪ್ರಶ್ನಿಸಿದವರಲ್ಲಿ ಒಂದು ಗುಂಪು ಹೊಸ ಊರಿಗೆ ಆಗಷ್ಟೇ ಬಂದು ನೆಲೆಸಿದವರದು, ಅಂದರೆ ವರ್ಗಾವಣೆಗೊಂಡ ಬ್ಯಾಂಕ್ ನೌಕರನ ಸ್ಥಿತಿಗೆ ತೀರ ಹತ್ತಿರವಾದದ್ದು. ಬರಿಯ ಪರಿಚಯ ಸಾಧಾರಣ ಗೆಳೆತನವಾಗಲು ಜೊತೆಯಾಗಿ ಸುಮಾರು 50 ಗಂಟೆ, ಆಪ್ತ ಗೆಳೆತನವಾಗಲು 200 ಗಂಟೆಗೂ ಹೆಚ್ಚು ಹೊತ್ತು ಕಳೆದಿರಬೇಕು ಎಂಬುದು ಅವರ ಅಂದಾಜು. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ತೀರ್ಮಾನವೆಂದರೆ, ಈ ಗಂಟೆಗಳ ಲೆಕ್ಕದಲ್ಲಿ ಒಟ್ಟಿಗೆ ಕೆಲಸ ಮಾಡಿದ ಹೊತ್ತಿಗೆ ಹೆಚ್ಚಿನ ತೂಕವಿಲ್ಲ. ಊಟ, ಆಟ, ಅಲೆದಾಟ, ಹರಟೆ ಮೊದಲಾದ ಬಿಡುವಿನ ಹೊತ್ತೇ ಪರಿಚಯವನ್ನು ಗೆಳೆತನವಾಗಿ ಮಾರ್ಪಡಿಸುತ್ತದೆ. ಮದುವೆಯಾಗದ ನಾಲ್ವರು ನೌಕರರು ಒಂದು ಬಾಡಿಗೆ ಮನೆಯಲ್ಲಿ ಸೇರಿ ಮೆಸ್ ನಡೆಸಿದಾಗ, ಸರದಿಯಂತೆ ಅನ್ನ ಸಾರು ಮಾಡಿ ರಾತ್ರಿ ಇಸ್ಪೀಟು ಆಡಿದಾಗ, ಭಾನುವಾರ ಪೇಟೆ ಸುತ್ತಿ ಸಿನಿಮಾ ನೋಡಿದಾಗ, ಇನ್ನೂರು ಗಂಟೆ ಕೂಡುವುದಕ್ಕೆ ಎರಡು ತಿಂಗಳೂ ಬೇಕಾಗುವುದಿಲ್ಲ. ಸಂಸಾರವಂದಿಗರ ವಿಷಯದಲ್ಲಿ ಇದೇ ಕೆಲಸವನ್ನು ಪಕ್ಕದ ಮನೆಯ ಪಂಜಾಬಿ ಅಥವಾ ಬಂಗಾಳಿ ಕುಟುಂಬದ ಜೊತೆ ಹಂಚಿಕೊಂಡ ಹಬ್ಬಗಳೂ ಮಕ್ಕಳ ಶಾಲೆಯ ಓಡಾಟವೂ ಮಾಡಿದವು. ಆದ್ದರಿಂದ ಬ್ಯಾಂಕಿನ ಗೆಳೆತನಗಳು ಎಂದು ಕರೆಯಲಾಗುವ ಸಂಬಂಧಗಳಲ್ಲಿ ಹೆಚ್ಚಿನವು ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲಿನ ಹೊತ್ತಿನಲ್ಲಿ ಬೆಳೆದವು ಎನ್ನಬಹುದು.

ಇದೇ ವಿವರಣೆಯ ಇನ್ನೊಂದು ಮುಖವನ್ನು ಹುಟ್ಟೂರಿನಲ್ಲಿ ಕಾಣಬಹುದು. ಅರುವತ್ತನೆಯ ವಯಸ್ಸಿನಲ್ಲಿ ಮರಳಿ ಬಂದವರಿಗೆ ಊರಿನ ಪ್ರತಿಯೊಂದು ಮನೆಯ ಹೆಸರೂ ನಂಟಿನ ಎಳೆಗಳೂ ಗೊತ್ತಿರುತ್ತವೆ. ಮದುವೆ, ಗೃಹಪ್ರವೇಶ, ಉತ್ತರಕ್ರಿಯೆಗಳ ಕರೆಗಳೂ ಬರುತ್ತವೆ. ಆದರೆ ರಜೆಯ ಹತ್ತು ಹದಿನೈದು ದಿನಗಳನ್ನು ಬಿಟ್ಟರೆ ಆ ಮನೆಗಳವರ ಜೊತೆ ಕಳೆದ ಬಿಡುವಿನ ಹೊತ್ತು ಬಹಳ ಕಡಿಮೆ. ಬಾಲ್ಯದ ಜೊತೆಗಾರರಲ್ಲಿ ಅನೇಕರು ಮುಂಬಯಿಗೋ ದುಬೈಗೋ ಹೋಗಿ ಅಲ್ಲಿಯೇ ನೆಲೆಸಿರುತ್ತಾರೆ. ಹೀಗಾಗಿ ಬಂಧುತ್ವದ ಲೆಕ್ಕದಲ್ಲಿ ಊರಿನವರಾದರೂ ಗೆಳೆತನದ ಲೆಕ್ಕದಲ್ಲಿ ನಿವೃತ್ತರು ಊರಿಗೆ ಹೊಸಬರೇ ಆಗಿರುತ್ತಾರೆ. ಈ ಸಂಗತಿಯನ್ನು ಒಪ್ಪಿಕೊಳ್ಳದವರು ಊರಿನವರು ತಮ್ಮನ್ನು ಮರೆತರೆಂದು ಕೊರಗುತ್ತಾರೆ. ಒಪ್ಪಿಕೊಂಡವರು ಹುಟ್ಟೂರನ್ನೂ ತಮ್ಮ ಕೊನೆಯ ವರ್ಗಾವಣೆಯ ಊರೆಂದು ಭಾವಿಸಿ, ಹಿಂದೆ ಪ್ರತಿ ಊರಿನಲ್ಲೂ ಮಾಡಿದಂತೆ ಮತ್ತೊಮ್ಮೆ ಗಂಟೆಗಳನ್ನು ಕೂಡಿಸಲು ತೊಡಗುತ್ತಾರೆ. ಎರಡನೆಯ ನಿಲುವೇ ವಾಸ್ತವಕ್ಕೆ ಹತ್ತಿರವಾದದ್ದು, ನೆಮ್ಮದಿಯನ್ನು ತರುವುದೂ ಅದೇ.

ಹೀಗೆ ಗಂಟೆಗಳನ್ನು ಕೂಡಿಸುವುದಕ್ಕೆ ಕಡಲತೀರದ ಊರುಗಳು ವಿಶೇಷವಾಗಿ ಅನುಕೂಲವಾಗಿವೆ. ಮಲ್ಪೆ, ಕಾಪು, ಪಡುಬಿದ್ರಿ, ಸಸಿಹಿತ್ಲು, ಪಣಂಬೂರುಗಳ ಮರಳದಂಡೆ ಯಾರ ಖಾಸಗಿ ಆಸ್ತಿಯೂ ಅಲ್ಲದ, ಹಣ ಖರ್ಚು ಮಾಡದೆ ಎಷ್ಟು ಹೊತ್ತು ಬೇಕಾದರೂ ಕುಳಿತಿರಬಹುದಾದ ಜಾಗ. ಅಲ್ಲಿನ ದಿನಚರಿಯೂ ಏಕರೂಪವಾಗಿರುವುದಿಲ್ಲ. ಚಂದ್ರನ ಚಲನೆಯನ್ನು ಅನುಸರಿಸುವ ಉಬ್ಬರ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಸಂಜೆ ಒಂದೇ ಹೊತ್ತಿಗೆ ನಡೆಯಲು ಹೋಗುವವರಿಗೂ ಒಂದು ವಾರ ಅಗಲವಾದ ಗಟ್ಟಿ ಮರಳು ಸಿಕ್ಕರೆ ಮತ್ತೊಂದು ವಾರ ತೆರೆಗಳು ಮೇಲಿನವರೆಗೂ ಬಂದಿರುತ್ತವೆ. ಕೈರಂಪಣಿ ಬಲೆಯನ್ನು, ಅಂದರೆ ದೋಣಿಯಿಂದ ಕಡಲಿಗೆ ಬಿಟ್ಟು ಎರಡು ತುದಿಗಳನ್ನೂ ದಡದಿಂದ ಹತ್ತಾರು ಜನ ಎಳೆಯುವ ಬಲೆಯನ್ನು, ಎಳೆಯುವ ದಿನ ಬೂತಾಯಿ ಬಂತೋ ಬಂಗುಡೆ ಬಂತೋ ಎಂದು ನೋಡಲು ನಿಂತವರ ನಡುವೆ ಮಾತು ತಾನಾಗಿ ಹುಟ್ಟುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಅವಧಿಯಲ್ಲಿ ಬೋಟುಗಳೆಲ್ಲ ಬಂದರಿನಲ್ಲಿ ಲಂಗರು ಹಾಕಿರುತ್ತವೆ, ನಾಡದೋಣಿಗಳು ಮಾತ್ರ ಕಡಲು ಶಾಂತವಾದಾಗ ಹೊರಡುತ್ತವೆ. ಮಳೆಗಾಲದ ತೆರೆಗಳು ಕೊಚ್ಚಿಕೊಂಡು ಹೋದ ಮರಳಿನಲ್ಲಿ ಬಹುಪಾಲನ್ನು ಕಡಲೇ ಚಳಿಗಾಲದ ಹೊತ್ತಿಗೆ ಮತ್ತೆ ದಡಕ್ಕೆ ತಂದು ಹಾಕುತ್ತದೆ. ಗಮನಿಸಲು ಪ್ರತಿದಿನ ಹೊಸದೇನಾದರೂ ಇರುವ ಸ್ಥಳದಲ್ಲಿ ಮಾತಿಗೆ ಬರವಿರುವುದಿಲ್ಲ, ಮಾತಿಗೆ ಬರವಿಲ್ಲದ ಕಡೆ ಪರಿಚಯ ಬೇಗ ಬೆಳೆಯುತ್ತದೆ.

ಬಿಡುವಿನಲ್ಲೂ ಎರಡು ಬಗೆಗಳಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಟೆಬ್ಬಿನ್ಸ್ ಅವರು 1982ರಲ್ಲಿ ಮಂಡಿಸಿದ ಪರಿಕಲ್ಪನೆಯ ಪ್ರಕಾರ, ಹೆಚ್ಚಿನ ತಯಾರಿ ಬೇಡದ, ಆ ಕ್ಷಣದ ಸಂತೋಷಕ್ಕಾಗಿ ಮಾಡುವ ನಡಿಗೆ, ಹರಟೆ, ಟಿವಿ ನೋಡುವಿಕೆ ಮೊದಲಾದವು ಸಾಧಾರಣ ಬಿಡುವು. ವರ್ಷಗಟ್ಟಲೆ ಕಲಿತು, ಅಡೆತಡೆಗಳನ್ನು ದಾಟಿ, ಹಂತ ಹಂತವಾಗಿ ಮೇಲೇರಿ, ತನ್ನದೇ ಒಂದು ಬಳಗವನ್ನೂ ಗುರುತನ್ನೂ ಕೊಡುವಂಥದ್ದು ಗಂಭೀರ ಬಿಡುವು. ಕರಾವಳಿಯಲ್ಲಿ ಗಂಭೀರ ಬಿಡುವಿಗೆ ತಾಳಮದ್ದಳೆಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ವೇಷವೂ ಕುಣಿತವೂ ಇಲ್ಲದ ಈ ಪ್ರಕಾರದಲ್ಲಿ ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ಆಯಾ ಪಾತ್ರವಾಗಿ ಆಶುವಾಗಿ ಮಾತನಾಡಬೇಕು, ಎದುರಿನ ಪಾತ್ರಧಾರಿಯ ವಾದಕ್ಕೆ ಅಲ್ಲಿಯೇ ಉತ್ತರ ಕೊಡಬೇಕು. ಅದಕ್ಕೆ ಪ್ರಸಂಗಗಳ ಜೊತೆಗೆ ಕುಮಾರವ್ಯಾಸ, ಲಕ್ಷ್ಮೀಶರ ಕಾವ್ಯಗಳ ಓದು ಬೇಕು, ಕೇಳ್ಮೆ ಬೇಕು, ಸಭೆಯನ್ನು ಎದುರಿಸುವ ಧೈರ್ಯ ಬೇಕು. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ದೇವಸ್ಥಾನಗಳ ಚಾವಡಿಗಳಲ್ಲೂ ಸಂಘಗಳ ಸಭಾಂಗಣಗಳಲ್ಲೂ ತಾಳಮದ್ದಳೆಯ ಕೂಟಗಳು, ಸಪ್ತಾಹಗಳು ನಡೆಯುತ್ತವೆ. ಕಡಲಿಗೆ ಹೋಗಲಾಗದ ಮಳೆಯ ದಿನಗಳು ಹೀಗೆ ಮಾತಿನ ದಿನಗಳಾಗುತ್ತವೆ. ದಶಕಗಳ ಕಾಲ ಇಂಗ್ಲಿಷ್, ಹಿಂದಿಗಳಲ್ಲಿ ವ್ಯವಹರಿಸಿ ಬಂದ ನಿವೃತ್ತರೊಬ್ಬರು ಸಣ್ಣ ಪಾತ್ರವೊಂದರ ಅರ್ಥ ಹೇಳಲು ಕುಳಿತಾಗ, ತಮಗಿಂತ ಇಪ್ಪತ್ತು ವರ್ಷ ಕಿರಿಯರ ಎದುರು ಮತ್ತೆ ವಿದ್ಯಾರ್ಥಿಯಾಗುವ ಅವಕಾಶ ಅವರಿಗೆ ದೊರೆಯುತ್ತದೆ. ಶಂಕರಪುರ ಮಲ್ಲಿಗೆಯನ್ನು ತಾರಸಿಯ ಕುಂಡಗಳಲ್ಲಿ ಬೆಳೆದು, ಮುಂಜಾನೆ ಮೊಗ್ಗು ಕೊಯ್ದು, ಕಟ್ಟಿ, ಅಟ್ಟೆ ಎಂಬ ಹೂವಿನ ಅಳತೆಯ ಅಂದಿನ ದರವನ್ನು ವಿಚಾರಿಸಿ ಮಾರಾಟಕ್ಕೆ ಕಳಿಸುವವರಿಗೂ ಇದೇ ಬಗೆಯ ಶಿಸ್ತೂ ಬಳಗವೂ ಸಿಗುತ್ತವೆ.

ಬಿಡುವನ್ನು ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶವೊಂದಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅಂಥ ಕೆಲಸದಲ್ಲಿ ತೊಡಗುವ ಪುರುಷರು 97 ನಿಮಿಷಗಳನ್ನೂ ವ್ಯಯಿಸುತ್ತಾರೆ. ಗಂಡನ ನಿವೃತ್ತಿಯ ದಿನ ಹೆಂಡತಿಗೆ ಯಾವ ಕೆಲಸದಿಂದಲೂ ಬಿಡುಗಡೆ ಸಿಗುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ಒಬ್ಬರು ಹೆಚ್ಚಾಗುವುದರಿಂದ ಕೆಲಸ ಬೆಳೆಯುವುದೂ ಉಂಟು. ಪ್ರತಿ ವರ್ಗಾವಣೆಯಲ್ಲೂ ಮನೆ ಕಟ್ಟಿ, ಭಾಷೆ ಕಲಿತು, ನೆರೆಹೊರೆಯನ್ನು ಗಳಿಸಿಕೊಟ್ಟವರು ಆಕೆಯೇ ಆಗಿದ್ದರೂ, ಸಂಜೆಯ ಮರಳದಂಡೆಯ ಗುಂಪುಗಳಲ್ಲಿ ಆಕೆಯ ಪಾಲು ಕಡಿಮೆಯೇ. ಅಡುಗೆ, ಪಾತ್ರೆ, ಅಂಗಳಗಳನ್ನು ಇಬ್ಬರೂ ಹಂಚಿಕೊಂಡಾಗ ಮಾತ್ರ ನಿವೃತ್ತಿ ಎಂಬುದು ಮನೆಯ ಇಬ್ಬರಿಗೂ ಸಲ್ಲುತ್ತದೆ ಮತ್ತು ಜಲಂಧರದ ನೆರೆಮನೆಯವಳ ಜೊತೆ ಒಂದು ತಾಸು ಫೋನಿನಲ್ಲಿ ಮಾತನಾಡುವ ಸಾವಧಾನ ಆಕೆಗೂ ದೊರೆಯುತ್ತದೆ. ಇದನ್ನು ಗಂಡಸರ ಔದಾರ್ಯವೆಂದು ಬಗೆಯುವುದು ತಪ್ಪು, ಇದು ಬಹಳ ಹಿಂದೆಯೇ ಸಲ್ಲಬೇಕಾಗಿದ್ದ ಬಾಕಿ.

ದೂರದ ಗೆಳೆತನವನ್ನು ಉಳಿಸಿಕೊಳ್ಳುವ ಸಾಧನಗಳು ಈ ಪೀಳಿಗೆಯ ಕಣ್ಣೆದುರೇ ಬದಲಾಗಿವೆ. ಇನ್‌ಲ್ಯಾಂಡ್ ಪತ್ರ, ಕಾಯ್ದಿರಿಸಿ ಕಾಯಬೇಕಾಗಿದ್ದ ಟ್ರಂಕ್ ಕಾಲ್, ರಾತ್ರಿಯ ಅಗ್ಗದ ದರಕ್ಕಾಗಿ ಸಾಲುಗಟ್ಟುತ್ತಿದ್ದ ಎಸ್‌ಟಿಡಿ ಬೂತು, 1995ರಲ್ಲಿ ದೇಶಕ್ಕೆ ಕಾಲಿಟ್ಟ ಮೊಬೈಲ್, ಅನಂತರದ ವಾಟ್ಸ್ಆ್ಯಪ್ ಗುಂಪುಗಳು ಇವೆಲ್ಲವನ್ನೂ ಅವರು ಬಳಸಿದ್ದಾರೆ. ಸಾಧನಗಳು ಸುಲಭವಾದಷ್ಟೂ ಗೆಳೆತನ ಗಟ್ಟಿಯಾಗಬೇಕು ಎಂಬುದು ಸಹಜ ನಿರೀಕ್ಷೆ. ಆದರೆ ಬ್ರಿಟನ್ನಿನ ಸಂಶೋಧಕರಾದ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್‌ಬಾರ್ ಅವರು ಶಾಲೆ ಮುಗಿಸಿ ಬೇರೆಡೆಗೆ ಹೊರಟ ತರುಣ ತರುಣಿಯರನ್ನು 18 ತಿಂಗಳ ಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ತಿದ್ದುಪಡಿ ಸೂಚಿಸುತ್ತದೆ. ಹೆಣ್ಣುಮಕ್ಕಳ ಗೆಳೆತನಗಳು ಸವೆಯದಂತೆ ಕಾಪಾಡುವುದರಲ್ಲಿ ಮಾತುಕತೆಯ ಪಾತ್ರ ದೊಡ್ಡದಾಗಿದ್ದರೆ, ಗಂಡುಮಕ್ಕಳ ಗೆಳೆತನಗಳನ್ನು ಕಾಪಾಡಿದ್ದು ಜೊತೆಯಾಗಿ ಏನನ್ನಾದರೂ ಮಾಡುವುದು ಎಂದು ಅವರು ಕಂಡುಕೊಂಡರು. ಅಧ್ಯಯನ ಚಿಕ್ಕದು, ವಿಷಯವಾದವರು ಯುವಜನರು, ಸಮಾಜವೂ ಬೇರೆ. ಆದ್ದರಿಂದ ಅದನ್ನು ಹಾಗೆಯೇ ಕರಾವಳಿಯ ಹಿರಿಯರಿಗೆ ಅನ್ವಯಿಸಲಾಗದು. ಆದರೂ ನಿವೃತ್ತ ಗಂಡಸರಲ್ಲಿ ಕಾಣುವ ಒಂದು ಸಾಮಾನ್ಯ ದೂರನ್ನು, ಅಂದರೆ ಫೋನು ಮಾಡಿದರೆ ಆರೋಗ್ಯ ವಿಚಾರಿಸಿದ ಮೇಲೆ ಮುಂದೆ ಏನು ಮಾತನಾಡಬೇಕೆಂದೇ ತೋಚುವುದಿಲ್ಲ ಎಂಬ ದೂರನ್ನು, ಅದು ಅರ್ಥಪೂರ್ಣವಾಗಿ ವಿವರಿಸುತ್ತದೆ.

ಇಂಥವರಿಗೆ ಬೇಕಾದದ್ದು ದೂರದಿಂದಲೇ ಜೊತೆಯಾಗಿ ಮಾಡಬಹುದಾದ ಒಂದು ಕೆಲಸ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಚದುರಂಗ ಆಡುವುದು, ಒಂದೇ ಟೆಸ್ಟ್ ಪಂದ್ಯವನ್ನು ಐದೂ ದಿನ ನೋಡಿ ಸಂಜೆ ಚರ್ಚಿಸುವುದು, ಒಂದೇ ಪುಸ್ತಕವನ್ನು ವಾರಕ್ಕೊಂದು ಅಧ್ಯಾಯದಂತೆ ಓದುವುದು, ಮುಂಬಯಿಯಲ್ಲಿರುವ ಊರಿನ ಗೆಳೆಯನ ಜೊತೆ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುವ ಯಕ್ಷಗಾನವನ್ನು ಏಕಕಾಲದಲ್ಲಿ ನೋಡುವುದು ಇವೆಲ್ಲ ಸಾಧ್ಯವಿರುವ ಮಾರ್ಗಗಳೇ. ನಿಗದಿತ ದಿನ, ನಿಗದಿತ ಹೊತ್ತು ಇರುವುದು ಇಂಥ ಸಂಬಂಧಗಳಿಗೆ ಹೆಚ್ಚಿನ ಬಲ ಕೊಡುತ್ತದೆ, ಏಕೆಂದರೆ ಯಾವಾಗ ಬೇಕಾದರೂ ಮಾಡಬಹುದಾದ ಕರೆಯನ್ನು ನಾಳೆಗೆ ಮುಂದೂಡುವುದು ಮನುಷ್ಯ ಸಹಜ. ಪ್ರತಿ ಮುಂಜಾನೆ ಹೂವಿನ ಚಿತ್ರದ ಶುಭೋದಯವನ್ನು ನೂರು ಮಂದಿಗೆ ಒಮ್ಮೆಲೇ ಕಳಿಸುವುದು ಕ್ಷೇಮದ ಸೂಚನೆಯಾಗಿ ಉಪಯುಕ್ತವಾದದ್ದು. ಆದರೆ ನೂರು ಮಂದಿಗೂ ಸಲ್ಲುವ ಸಂದೇಶದಲ್ಲಿ ಒಬ್ಬ ಗೆಳೆಯನಿಗಾಗಿಯೇ ಆಡಿದ ಮಾತು ಇರಲಾರದು. ಈ ಮೂರು ದಿನಗಳಲ್ಲಿ ಕಡಲು ಎಷ್ಟು ಮುಂದೆ ಬಂತು, ತಾಳಮದ್ದಳೆಯಲ್ಲಿ ಕರ್ಣನ ಅರ್ಥಧಾರಿ ಯಾವ ಮಾತಿಗೆ ಸಿಕ್ಕಿಬಿದ್ದರು, ಮಲ್ಲಿಗೆಯ ಗಿಡಕ್ಕೆ ಯಾವ ಹುಳ ಬಿತ್ತು ಎಂಬ ವಿವರಗಳನ್ನು ಹಿಂದಿಯಲ್ಲಿ ವಿವರಿಸಲು ಹೊರಟವರಿಗೆ ಅರ್ಧ ತಾಸು ಸಾಕಾಗುವುದಿಲ್ಲ. ಹತ್ತಿರದ ದಿನಚರಿ ತುಂಬಿದ್ದಾಗಲೇ ದೂರದವರಿಗೆ ಹೇಳುವಂಥದ್ದು ಏನಾದರೂ ಇರುತ್ತದೆ; ಹೇಳಿಕೊಳ್ಳಲು ದೂರದಲ್ಲೊಬ್ಬರು ಇದ್ದಾಗ ಹತ್ತಿರದ್ದನ್ನು ಗಮನಿಸುವ ಕಣ್ಣೂ ಚುರುಕಾಗುತ್ತದೆ.

ದೂರ ಎಂಬುದು ಅಷ್ಟರಮಟ್ಟಿಗೆ ಕಡಿಮೆಯೂ ಆಗಿದೆ. ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರುಗಳ ಕೊಂಕಣ ರೈಲು ಮಾರ್ಗ 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದುಕೊಂಡ ಮೇಲೆ, ಉಡುಪಿ, ಕುಂದಾಪುರಗಳು ದೇಶದ ಪಶ್ಚಿಮ ಮತ್ತು ಉತ್ತರ ಭಾಗಗಳಿಗೆ ನೇರವಾಗಿ ಕೂಡಿಕೊಂಡವು. ಸಮುದ್ರವನ್ನೇ ಕಾಣದೆ ಬೆಳೆದ ಒಳನಾಡಿನ ಗೆಳೆಯರಿಗೆ ಕರಾವಳಿಯ ಮನೆಯೊಂದರ ಆಹ್ವಾನ ದೊಡ್ಡ ಆಕರ್ಷಣೆ. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಅವರನ್ನು ಕರೆಯಲು ಅತ್ಯಂತ ಸೂಕ್ತವಾದವು, ಏಕೆಂದರೆ ಆಗ ಕಡಲು ಶಾಂತವಾಗಿರುತ್ತದೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಓಡುತ್ತವೆ, ಬಯಲಾಟಗಳೂ ಆರಂಭವಾಗಿರುತ್ತವೆ. ಬಂದವರನ್ನು ಸ್ಥಳಗಳಿಗೆ ಸುತ್ತಾಡಿಸುವುದರ ಜೊತೆಗೆ ತಮ್ಮ ಸಂಜೆಯ ಗುಂಪಿಗೂ ಪರಿಚಯಿಸುವ ಪದ್ಧತಿ ಮೆಚ್ಚುವಂಥದ್ದು, ಏಕೆಂದರೆ ಅದರಿಂದ ಊರಿನ ಹೊಸ ಗೆಳೆಯರಿಗೂ ಪರವೂರಿನ ಹಳೆಯ ಗೆಳೆಯರಿಗೂ ನಡುವೆ ಇದ್ದ ಗೋಡೆ ಕರಗುತ್ತದೆ.

ವಯಸ್ಸಾದಂತೆ ಗೆಳೆಯರ ಬಳಗ ಕಿರಿದಾಗುವುದನ್ನು ಕಂಡು ಅನೇಕರು ಕಳವಳಪಡುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸೆನ್ ಅವರು ಇದನ್ನು ಬೇರೆ ಬಗೆಯಲ್ಲಿ ವಿವರಿಸಿದ್ದಾರೆ. ಮುಂದಿರುವ ಕಾಲ ಮಿತವಾದದ್ದೆಂಬ ಅರಿವು ಮೂಡಿದಾಗ ಜನರು ಹೊಸ ಪರಿಚಯಗಳ ಹಿಂದೆ ಹೋಗುವುದನ್ನು ಬಿಟ್ಟು, ಮನಸ್ಸಿಗೆ ನಿಜವಾಗಿ ತೃಪ್ತಿ ಕೊಡುವ ಸಂಬಂಧಗಳನ್ನೇ ಆರಿಸಿಕೊಳ್ಳುತ್ತಾರೆ. ಬಳಗ ಕಿರಿದಾಗುವುದರಲ್ಲಿ ಈ ಆಯ್ಕೆಯ ಪಾಲೂ ಇದೆ. ಸಾವಿನಿಂದ ಆಗುವ ನಷ್ಟಕ್ಕೆ ಇದು ಸಮಾಧಾನವಾಗಲಾರದು, ಆದರೆ ಐನೂರು ಸದಸ್ಯರ ಗುಂಪಿನಲ್ಲಿ ಐವರ ಜೊತೆ ಮಾತ್ರ ಒಡನಾಟವಿದೆ ಎಂದು ನೊಂದುಕೊಳ್ಳುವವರು ಆ ಐವರೇ ಸಾಕಷ್ಟು ದೊಡ್ಡ ಸಂಪತ್ತು ಎಂದು ತಿಳಿಯುವುದಕ್ಕೆ ನೆರವಾಗುತ್ತದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದಾಗ, ಬದುಕಿಡೀ ಹೇಳಿಕೊಂಡ ಹೆಸರು ಫಲಕಗಳಿಂದ ಮರೆಯಾದುದು ನಿವೃತ್ತರಿಗೆ ತೀವ್ರವಾದ ನೋವು ತಂದಿತು. ಆದರೆ ಆ ಹೆಸರಿನ ಅಡಿಯಲ್ಲಿ ಒಟ್ಟುಗೂಡಿದವರ ಸಂಬಂಧಗಳು ವಿಲೀನದ ಆದೇಶಕ್ಕೆ ಒಳಪಡಲಿಲ್ಲ. ಸಂಸ್ಥೆಯ ನೆನಪನ್ನು ಈಗ ಹೊತ್ತಿರುವುದು ಬಹುಮಟ್ಟಿಗೆ ಅವೇ.

ಇದರಿಂದ ಹೊರಡುವ ಸಲಹೆಗಳು ಎರಡು ನೆಲೆಯವು. ಸಾರ್ವಜನಿಕ ನೆಲೆಯಲ್ಲಿ, ಕಡಲತೀರದ ಅಭಿವೃದ್ಧಿಯೆಂದರೆ ಪ್ರವಾಸಿಗರಿಗಾಗಿ ಮಾಡುವ ಏರ್ಪಾಡು ಎಂದಷ್ಟೇ ತಿಳಿಯದೆ, ನೆರಳಿರುವ ಕಲ್ಲುಬೆಂಚು, ಶುಚಿಯಾದ ಶೌಚಾಲಯ, ಮಳೆಗಾಲದಲ್ಲಿ ಕೂರಲು ಮಾಡಿನಡಿಯ ಜಾಗ, ಸಂಜೆಯೂ ತೆರೆದಿರುವ ಗ್ರಂಥಾಲಯ ಇವುಗಳನ್ನು ಗ್ರಾಮ ಪಂಚಾಯಿತಿಗಳೂ ನಗರಸಭೆಗಳೂ ಒದಗಿಸಬೇಕು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರಕ್ಕೆ 2014ರಿಂದ ಡಿಜಿಟಲ್ ವ್ಯವಸ್ಥೆ ಬಂದದ್ದು ಅಶಕ್ತರಿಗೆ ದೊಡ್ಡ ಅನುಕೂಲ. ಆದರೆ ವರ್ಷಕ್ಕೊಮ್ಮೆ ಶಾಖೆಯಲ್ಲಿ ಆಗುತ್ತಿದ್ದ ಹಳಬರ ಭೇಟಿ ಅದರಿಂದ ತಪ್ಪಿದ್ದರೆ, ನಿವೃತ್ತರ ಸಂಘಗಳು ಆ ತಿಂಗಳಿನಲ್ಲಿ ಒಂದು ಸಹಭೋಜನವನ್ನಾದರೂ ಏರ್ಪಡಿಸಿ ಅದನ್ನು ತುಂಬಿಕೊಡುವುದು ಒಳ್ಳೆಯದು. ವೈಯಕ್ತಿಕ ನೆಲೆಯಲ್ಲಿ, ನಿವೃತ್ತಿಗೆ ಇನ್ನೂ ಐದು ವರ್ಷವಿರುವಾಗಲೇ ಊರಿನಲ್ಲಿ ಒಂದು ಚಟುವಟಿಕೆಯನ್ನೂ ಪರವೂರಿನ ಒಬ್ಬಿಬ್ಬರ ಜೊತೆ ಒಂದು ನಿಯತ ಒಡನಾಟವನ್ನೂ ಆರಂಭಿಸುವುದು ಜಾಣತನ, ಏಕೆಂದರೆ ಇನ್ನೂರು ಗಂಟೆಗಳು ಕೂಡಲು ಎಪ್ಪತ್ತರ ವಯಸ್ಸಿನಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ಪಿಂಚಣಿಯ ಲೆಕ್ಕವನ್ನು ಮೊದಲೇ ಹಾಕಿಟ್ಟುಕೊಳ್ಳುವವರು ಈ ಗಂಟೆಗಳ ಲೆಕ್ಕವನ್ನೂ ಅಷ್ಟೇ ಆಸಕ್ತಿಯಿಂದ ಹಾಕಬೇಕು. ಪಿಂಚಣಿಯ ಹಣದಿಂದ ಹೊಟ್ಟೆಬಟ್ಟೆಯೂ ಔಷಧಿಯೂ ನಡೆಯುತ್ತವೆ, ಆದರೆ ಸಂಜೆಗೆ ಜೊತೆಯಾಗುವವರನ್ನು ಗಳಿಸಿಕೊಡುವುದು ಅವರಿಗಾಗಿ ಎತ್ತಿಟ್ಟ ಬಿಡುವು ಮಾತ್ರ.